ಹೂ ಬಿಡದ ತಾಕು

ಬೇಳೆಕಾಳು ಸಂಶೋಧನಾ ಕೇಂದ್ರದ ತೊಗರಿ ಹೊಲದಲ್ಲಿ ಎಲ್ಲಕ್ಕಿಂತ ಹಸಿರಾಗಿ, ಪೊದೆಪೊದೆಯಾಗಿ ನಿಂತಿದ್ದದ್ದು ನಿರ್ದೇಶಕರ ಪ್ರಯೋಗದ ತಾಕು. ಹಾದುಹೋಗುವವರು ಒಂದು ಗಳಿಗೆ ನಿಂತು, ಏನು ಹುಲುಸಪ್ಪಾ ಎಂದು ಹೊಗಳಿ ಹೋಗುತ್ತಿದ್ದರು. ಹೊಗಳಿಕೆ ಎಲ್ಲಿ ಸಿಗುತ್ತದೋ ಅಲ್ಲಿ ನಿರ್ದೇಶಕರು ಮೊದಲೇ ಬಂದು ನಿಂತಿರುತ್ತಿದ್ದರು. ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ತಾಕಿನ ಬದುವಿನ ಮೇಲೆ ಕೈ ಹಿಂದೆ ಕಟ್ಟಿಕೊಂಡು, ಮದುವೆ ಮನೆಯಲ್ಲಿ ಬೀಗರು ಅಡುಗೆ ಮನೆ ನೋಡುವ ಹಾಗೆ ಒಂದು ಸುತ್ತು ಹಾಕುವುದು ಅವರ ರೂಢಿ. ಮಣ್ಣು ಮುಟ್ಟುತ್ತಿರಲಿಲ್ಲ, ಎಲೆ ಮುಟ್ಟುತ್ತಿರಲಿಲ್ಲ. ಬೂಟಿಗೆ ಕೆಸರು ತಾಗಿದರೆ ಮಾತ್ರ ಬಗ್ಗುತ್ತಿದ್ದರು.

ಅದೇ ಕೇಂದ್ರದಲ್ಲಿ ಗಿಡಗಳ ನಂಜು ರೋಗ, ಎಂದರೆ ವೈರಸ್ಸಿನಿಂದ ಬರುವ ರೋಗಗಳ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದವಳು ಅವರ ಹೆಂಡತಿಯ ತಂಗಿ. ಅವಳ ಕೆಲಸ ನೋಡಿ ಎಲ್ಲರೂ ನಂಜಮ್ಮ ಎಂದು ಹೆಸರಿಟ್ಟಿದ್ದರು. ನಂಜು ಬರೀ ಪ್ರಯೋಗಾಲಯದಲ್ಲಿ ಅಲ್ಲ, ನಾಲಿಗೆಯಲ್ಲೂ ಇದೆ ಎಂದು ಬೆನ್ನ ಹಿಂದೆ ಸೇರಿಸುತ್ತಿದ್ದರು. ಎರಡೂ ಅವಳ ಕಿವಿಗೆ ಬಿದ್ದಿದ್ದವು. ಎರಡನೆಯದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ ಇತ್ತು.

ನಿರ್ದೇಶಕರನ್ನು ಅವಳು ಕಚೇರಿಯಲ್ಲಿ ಸರ್ ಎನ್ನುತ್ತಿದ್ದಳು, ಮನೆಯಲ್ಲಿ ಭಾವ ಎನ್ನುತ್ತಿದ್ದಳು, ಮನಸ್ಸಿನಲ್ಲಿ ಅನ್ನುತ್ತಿದ್ದದ್ದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ. ಈ ಮನುಷ್ಯ ಒಂದೇ ಒಂದು ಗಿಡಕ್ಕೆ ಪರಾಗಸ್ಪರ್ಶ ಮಾಡಿದ್ದನ್ನು ಕಂಡವರಿಲ್ಲ. ಆ ಹಸಿರು ತಾಕಿನ ತಳಿ ಕೂಡ ಹಿಂದಿನ ನಿರ್ದೇಶಕರು ವರ್ಷಗಟ್ಟಲೆ ಬಿಸಿಲಲ್ಲಿ ಕೂತು ಕಟ್ಟಿದ್ದು. ಅವರು ನಿವೃತ್ತರಾಗಿ ಬೆನ್ನು ತಿರುಗಿಸಿದ್ದೇ ತಡ, ಭಾವ ತಳಿಗೆ ತನ್ನ ಹಸ್ತಾಕ್ಷರ ಹಾಕಿದ. ಮಕ್ಕಳಾಟದಲ್ಲಿ ಬೇರೆಯವರು ಕಟ್ಟಿದ ಮರಳಿನ ಮನೆಗೆ ಬಾವುಟ ಚುಚ್ಚುವ ಹುಡುಗರಿರುತ್ತಾರಲ್ಲ, ಹಾಗೆ.

ಸಸಿಗಳು ಇನ್ನೂ ಮೊಣಕಾಲೆತ್ತರ ಇದ್ದಾಗಲೇ ನಂಜಮ್ಮ ಆ ತಾಕಿನಲ್ಲಿ ಒಂದು ಎಲೆ ತಿರುಗಿಸಿ ನೋಡಿದ್ದಳು. ಎಲೆ ಸಣ್ಣದಾಗಿತ್ತು. ಬಿಸಿಲಿಗೆ ಹಿಡಿದರೆ ಗಾಢ ಹಸಿರು, ತಿಳಿ ಹಸಿರು ತೇಪೆ ಹಾಕಿದಂತೆ ಬೆರೆತಿತ್ತು. ಗೆಣ್ಣುಗಳು ಹತ್ತಿರ ಹತ್ತಿರ ಬಂದು, ಪ್ರತಿ ಗೆಣ್ಣಿನಿಂದಲೂ ಚಿಗುರು ಒಡೆದು, ಗಿಡ ಎತ್ತರಕ್ಕೆ ಹೋಗುವ ಬದಲು ಪೊರಕೆಯ ಹಾಗೆ ಹರಡಿಕೊಳ್ಳುತ್ತಿತ್ತು. ಎಲೆಯನ್ನು ಪ್ರಯೋಗಾಲಯಕ್ಕೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಎಲೆಯ ತಳಭಾಗದಲ್ಲಿ ಬರಿಗಣ್ಣಿಗೆ ಕಾಣದ ನುಸಿಗಳು ನಿಧಾನವಾಗಿ ಓಡಾಡುತ್ತಿದ್ದವು. ಆ ನುಸಿಗಳೇ ಗಾಳಿಯಲ್ಲಿ ತೇಲಿ ಬಂದು ಗಿಡಕ್ಕೆ ವೈರಸ್ ತಗಲಿಸುತ್ತವೆ. ಚಿಕ್ಕ ವಯಸ್ಸಿನಲ್ಲಿ ತಗಲಿದ ಗಿಡ ಸಾಯುವುದಿಲ್ಲ. ಸತ್ತಿದ್ದರೆ ಯಾರಾದರೂ ಎಚ್ಚರವಾಗುತ್ತಿದ್ದರು. ಅದು ಎಲೆ ಬಿಡುತ್ತದೆ, ಇನ್ನಷ್ಟು ಎಲೆ ಬಿಡುತ್ತದೆ, ಹೂವನ್ನು ಮಾತ್ರ ಬಿಡುವುದಿಲ್ಲ. ಹೂವಿಲ್ಲ ಎಂದಮೇಲೆ ಕಾಯಿ ಎಲ್ಲಿಂದ, ಕಾಳು ಎಲ್ಲಿಂದ? ಸ್ವಲ್ಪ ತಡವಾಗಿ ತಗಲಿದರೆ ಒಂದೆರಡು ಕೊಂಬೆ ಕಾಯಿ ಕಟ್ಟುತ್ತದೆ, ಅದರಲ್ಲೂ ಕಾಳು ಸುಕ್ಕು.

ಬೆಳೆಯುವವರು ಇದನ್ನು ಗೊಡ್ಡು ರೋಗ ಎನ್ನುತ್ತಾರೆ. ಪುಸ್ತಕದಲ್ಲೂ ಅದೇ ಹೆಸರಿದೆ. ನಂಜಮ್ಮ ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಕ್ಕನ ಮನೆಯಲ್ಲಿ ಅಕ್ಕನ ಅತ್ತೆ ಆ ಪದವನ್ನು ಅಕ್ಕನಿಗೆ ಬಳಸಿ ಬಳಸಿ ಸವೆಸಿಬಿಟ್ಟಿದ್ದರು. ಅಕ್ಕನಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಡಾಕ್ಟರ ಹತ್ತಿರ ಪರೀಕ್ಷೆಗೆ ಹೋಗಿದ್ದವಳು ಅಕ್ಕ ಒಬ್ಬಳೇ. ಅವಳಲ್ಲಿ ಅವರಿಗೆ ಯಾವ ದೋಷವೂ ಸಿಗಲಿಲ್ಲ. ಮುಂದಿನ ಪರೀಕ್ಷೆಗೆ ಬರಲು ಭಾವನಿಗೆ ಪುರುಸೊತ್ತು ಸಿಗಲಿಲ್ಲ.

ಎಲೆ ನೋಡಿದ ದಿನವೇ ನಂಜಮ್ಮ ನಿರ್ದೇಶಕರ ಕೋಣೆಗೆ ಹೋಗಿ, ರೋಗ ತಗಲಿದ ಗಿಡಗಳನ್ನು ಈಗಲೇ ಕಿತ್ತುಹಾಕಬೇಕು, ಇಲ್ಲದಿದ್ದರೆ ಗಾಳಿ ಬೀಸಿದ ಕಡೆಗೆಲ್ಲ ಹರಡುತ್ತದೆ ಎಂದು ಹೇಳಿದಳು. ರೋಗ ಎಲ್ಲಿಂದ ಬಂತೆಂಬುದನ್ನೂ ಹೇಳಿದಳು. ಅತಿಥಿಗೃಹದ ಹಿಂದೆ ಹಿಂದಿನ ವರ್ಷಗಳ ತೊಗರಿ ಗಿಡಗಳು ಮರದಂತೆ ಬೆಳೆದು ನಿಂತಿದ್ದವು. ನುಸಿಗಳಿಗೆ ಅದು ತವರುಮನೆ. ಕಡಿಸಿ ಎಂದು ಅವಳು ಮೊದಲೇ ಕೇಳಿದ್ದಳು. ತನ್ನ ಕಾರಿಗೆ ನೆರಳಾಗುತ್ತದೆ ಎಂದು ಭಾವ ಬಿಟ್ಟಿದ್ದ. ನೆರಳೆಂದರೆ, ಕಾರಿನ ಅರ್ಧ ಮೂತಿಗೆ ಆಗುವಷ್ಟು.

ಭಾವ ಕುರ್ಚಿಗೆ ಒರಗಿ ನಕ್ಕ. "ನಿನ್ನ ಕಣ್ಣೇ ಹಾಗಮ್ಮ. ನಿನ್ನ ಮುಂದೆ ಗುಲಾಬಿ ಹೂ ಹಿಡಿದರೂ ಇದಕ್ಕೆ ಜ್ವರ ಇದೆ ಅಂತೀಯ."

"ಗುಲಾಬಿಯಲ್ಲಿ ಹೂವಾದರೂ ಇರುತ್ತೆ, ಸರ್. ಇದು ಹೂ ಬಿಡೋದೇ ಇಲ್ಲ."

"ತಡವಾಗಿ ಬಿಡೋ ತಳಿ. ಅದೇ ಇದರ ವಿಶೇಷ. ಆ ಹಸಿರು ನೋಡು, ಆ ಮೈತುಂಬಿರೋದು ನೋಡು. ರೋಗ ಬಂದ ಮೈ ಹೀಗಿರುತ್ತಾ?"

ತಳಿಯ ವಿಶೇಷ ಅದಲ್ಲ ಎಂದು ಆ ತಳಿಯನ್ನು ಕಟ್ಟಿದವರೇ ಬರೆದಿಟ್ಟಿದ್ದರು. ಭಾವ ಅದನ್ನು ಓದಿರಲಿಲ್ಲ. ಅವನು ಏನನ್ನೂ ಓದುತ್ತಿರಲಿಲ್ಲ. ಓದಿದವರು ಹೇಳಿದ್ದನ್ನು ಕೇಳಿ, ಅದರಲ್ಲಿ ತನಗೆ ಒಪ್ಪುವ ಒಂದು ಮಾತನ್ನು ಹಿಡಿದುಕೊಂಡು, ಅದನ್ನೇ ಸಭೆಯಿಂದ ಸಭೆಗೆ ಹೊತ್ತು ಮಾರುತ್ತಿದ್ದ.

ಆ ವಾರ ಭಾನುವಾರ ಅಕ್ಕನ ಮನೆಯಲ್ಲಿ ಊಟ. ಅಕ್ಕ ಪ್ರೌಢಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದಳು. ತರಗತಿಯಲ್ಲಿ ಅವಳ ದನಿಗೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರಂತೆ. ಮನೆಯಲ್ಲಿ ಆ ದನಿ ಕೇಳಿದವರಿಲ್ಲ. ಬಡಿಸಿ ಮುಗಿಯುವ ಹೊತ್ತಿಗೆ ಭಾವ ಗಂಟಲು ಸರಿಮಾಡಿಕೊಂಡು ತನ್ನ ಹೊಸ ತಳಿಗೆ ಹೆಂಡತಿಯ ಹೆಸರನ್ನೇ ಇಡುತ್ತಿದ್ದೇನೆ, ಕ್ಷೇತ್ರೋತ್ಸವದ ದಿನ ರೈತರ ಮುಂದೆ, ಮಂತ್ರಿಗಳ ಕೈಯಲ್ಲಿ ಬಿಡುಗಡೆ ಎಂದು ಸಾರಿದ. ಅಕ್ಕ ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ನಿಂತಳು. ಇಷ್ಟು ವರ್ಷದಲ್ಲಿ ಗಂಡ ತನ್ನ ಹೆಸರನ್ನು ಹೀಗೆ ಗೌರವದಿಂದ ಎತ್ತಿದ್ದನ್ನು ಅವಳು ಕೇಳಿರಲಿಲ್ಲ. ಕಣ್ಣು ತುಂಬಿಬಂತು.

ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ಅಂತೂ ಇವಳ ಹೆಸರಲ್ಲಿ ಏನಾದರೂ ಫಲ ಕೊಡುತ್ತಲ್ಲ, ಬಿಡು" ಎಂದರು.

ನಂಜಮ್ಮ ಅಲ್ಲೇ ಹೇಳಿಬಿಡಬಹುದಿತ್ತು. ಅಕ್ಕನ ಮುಖ ನೋಡಿ ನೀರು ಕುಡಿದು ಸುಮ್ಮನಾದಳು. ಅಕ್ಕನಿಗೆ ಇದು ತಿಳಿಯುವ ಮುಂಚೆ ಭಾವನನ್ನೇ ದಾರಿಗೆ ತಂದರಾಯಿತು ಎಂದುಕೊಂಡಳು. ಭಾವನನ್ನು ದಾರಿಗೆ ತರುವುದೆಂದರೆ ಅವನು ತಪ್ಪಿಸಿಕೊಳ್ಳಲಾಗದ ಸಾಕ್ಷಿ ತೋರಿಸಬೇಕು.

ಸಾಕ್ಷಿಗೆ ಬೇಕಾದದ್ದು ಒಂದು ಸ್ಟೇಪ್ಲರ್ ಅಷ್ಟೆ. ಈ ರೋಗವನ್ನು ಪರೀಕ್ಷಿಸುವವರೆಲ್ಲ ಹಾಗೇ ಮಾಡುತ್ತಾರೆ. ಭಾವನ ತಳಿಯ ಆರೋಗ್ಯವಾದ ಬೀಜ ತಂದು, ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಿದ ಬಲೆಮನೆಯೊಳಗೆ ಕುಂಡಗಳಲ್ಲಿ ಬಿತ್ತಿದಳು. ಎರಡೆಲೆ ಬಂದ ಕೂಡಲೇ ತಾಕಿನಿಂದ ರೋಗದ ಎಲೆ ತಂದು ಪ್ರತಿ ಸಸಿಯ ಎಲೆಗೆ ಮಡಿಸಿ ಪಿನ್ ಹೊಡೆದಳು. ರೋಗದ ಎಲೆ ಒಣಗುತ್ತಿದ್ದಂತೆ ನುಸಿಗಳು ಬಾಡಿಗೆ ಮನೆ ಖಾಲಿ ಮಾಡುವವರಂತೆ ಪಕ್ಕದ ಹಸಿ ಎಲೆಗೆ ಸಾಗಿದವು. ಇನ್ನೊಂದು ಸಾಲಿನ ಕುಂಡಗಳಿಗೆ ರೋಗವಿಲ್ಲದ ಎಲೆ ಇಟ್ಟು ಅದೇ ರೀತಿ ಪಿನ್ ಹೊಡೆದಳು. ಕೆಲವು ವಾರ ಕಳೆಯುವಷ್ಟರಲ್ಲಿ ಮೊದಲ ಸಾಲು ಪೂರ್ತಿ ಸಣ್ಣೆಲೆ, ತೇಪೆ ಬಣ್ಣ, ಗಿಡ್ಡ ಪೊದೆ. ಎರಡನೆಯ ಸಾಲು ನೆಟ್ಟಗೆ, ಒಂದು ಮೊಳ ಎತ್ತರ.

ಭಾವನನ್ನು ಬಲೆಮನೆಗೆ ಕರೆದುಕೊಂಡು ಬಂದಳು. ಅವನು ಬಾಗಿಲಲ್ಲಿ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಒಳಗೆ ಬಂದು, ಮೊದಲ ಸಾಲಿನ ಒಂದು ಎಲೆಯ ಮೇಲಿದ್ದ ಪಿನ್ನಿನ ಕಡೆ ಬೆರಳು ತೋರಿಸಿದ. ಪಾಪದ ಸಸಿಗೆ ಹೀಗೆ ಕಬ್ಬಿಣ ಚುಚ್ಚಿದರೆ ಅದು ಬೆಳೆಯುವುದಾದರೂ ಹೇಗೆ ಎಂದು ಕೇಳಿದ. ಎರಡನೆಯ ಸಾಲಿಗೂ ಚುಚ್ಚಿದೆ, ನೋಡಿ ಎಂದಳು. ಅಷ್ಟರಲ್ಲಿ ಅವನಿಗೆ ಫೋನು ಬಂತು. ಮಂತ್ರಿಗಳ ಕಡೆಯವರು ಎಂದು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿ ಹೊರಟ. ಎರಡನೆಯ ಸಾಲನ್ನು ಅವನು ನೋಡಲೇ ಇಲ್ಲ.

ಆಮೇಲೆ ಸುತ್ತಲಿನ ತಾಕುಗಳು ಹಳದಿ ಹೂ ಹೊತ್ತು ನಿಂತವು. ಭಾವನ ತಾಕು ಹಸಿರಾಗಿಯೇ ಇತ್ತು. ಬರುತ್ತೆ, ಬರುತ್ತೆ ಎಂದ. ಸುತ್ತಲೂ ಹೂ ಉದುರಿ ಕಾಯಿ ಕಟ್ಟಿದವು. ಬರುತ್ತೆ ಎಂದ. ಗಾಳಿ ಬೀಸುವ ದಿಕ್ಕಿನಲ್ಲಿದ್ದ ಪಕ್ಕದ ತಾಕಿನಲ್ಲೂ ಅಲ್ಲಲ್ಲಿ ಅರ್ಧ ಗಿಡ ಕಾಯಿ, ಅರ್ಧ ಗಿಡ ಬರೀ ಸೊಪ್ಪು ಎಂಬಂತಾಯಿತು. ನಂಜಮ್ಮ ಹೊಲದ ಮೇಸ್ತ್ರಿಯನ್ನು ಜೊತೆಗೆ ಹಾಕಿಕೊಂಡು ತನ್ನ ಅಧಿಕಾರ ನಡೆಯುವ ಕಡೆಯಲ್ಲೆಲ್ಲ ರೋಗದ ಗಿಡ ಕೀಳಿಸಿದಳು. ನಿರ್ದೇಶಕರ ತಾಕಿಗೆ ಮಾತ್ರ ಕೈ ಹಾಕುವಂತಿರಲಿಲ್ಲ. ಅಲ್ಲಿಗೆ ಈಗ ಬೇಲಿ ಬಂದಿತ್ತು. ಬೇಲಿಯ ಮುಂದೆ ಅಕ್ಕನ ಹೆಸರು ಬರೆದ ದೊಡ್ಡ ಬೋರ್ಡು.

ಕ್ಷೇತ್ರೋತ್ಸವದ ಬೆಳಿಗ್ಗೆ ಬೇಗ ಬಂದ ನಂಜಮ್ಮ ಬೇಲಿಯ ಹತ್ತಿರ ಬೆಪ್ಪಾಗಿ ನಿಂತುಬಿಟ್ಟಳು. ಮುಂದಿನ ಸಾಲಿನ ಗಿಡಗಳಲ್ಲಿ ಗೊಂಚಲು ಗೊಂಚಲು ಕಾಯಿ. ಹತ್ತಿರ ಹೋಗಿ ನೋಡಿದಳು. ಬೇರೆ ತಾಕಿನಿಂದ ಕಾಯಿ ತುಂಬಿದ ಕೊಂಬೆಗಳನ್ನು ಕಡಿದು ತಂದು ಹಸಿರು ದಾರದಲ್ಲಿ ಕಟ್ಟಿದ್ದರು. ಮೇಸ್ತ್ರಿ ಮುಖ ತಿರುಗಿಸಿಕೊಂಡ. ದಾರದ ಬಣ್ಣ ಕೂಡ ಸಾಹೇಬರೇ ಆರಿಸಿಕೊಟ್ಟರು ಎಂದು ಗೊಣಗಿದ. ನಂಜಮ್ಮನಿಗೆ ಸಿಟ್ಟು ಬರುವ ಬದಲು ನಗು ಬಂತು. ಈ ತಳಿಗಾಗಿ ಭಾವ ತಲೆ ಓಡಿಸಿ ಮಾಡಿದ ಮೊದಲ ಕೆಲಸ ಇದು.

ಶಾಮಿಯಾನ ತುಂಬಿತು. ಸುತ್ತಲ ಹಳ್ಳಿಗಳಿಂದ ಬೆಳೆಗಾರರು ಬಂದು ಕುರ್ಚಿಗಳಲ್ಲಿ ಕೂತರು. ವೇದಿಕೆಯ ಮೇಲೆ ಮಂತ್ರಿ, ಭಾವ, ಹೊಸ ಸೀರೆಯಲ್ಲಿ ಅಕ್ಕ. ಭಾವ ಮೈಕು ಹಿಡಿದು ತಾನು ಬಿಸಿಲೆನ್ನದೆ ಮಳೆಯೆನ್ನದೆ ದುಡಿದ ಕಥೆ ಹೇಳಿದ. ಬಿಸಿಲಿಗೂ ಮಳೆಗೂ ಮೈಕು ಸಿಕ್ಕಿದ್ದರೆ ಇದು ಸುಳ್ಳು ಎಂದು ಅವೇ ಹೇಳುತ್ತಿದ್ದವು ಎಂದು ನಂಜಮ್ಮ ಕೆಳಗಿನ ಸಾಲಿನಲ್ಲಿ ಕೂತು ಅಂದುಕೊಂಡಳು. ಭಾಷಣ ಮುಗಿದ ಮೇಲೆ ಎಲ್ಲರೂ ತಾಕಿಗೆ ಹೋದರು. ಫೋಟೋದವರು ಮಂತ್ರಿಗಳನ್ನು ಮುಂದಿನ ಸಾಲಿಗೆ ನಿಲ್ಲಿಸಿ, ಒಂದು ಕೊಂಬೆ ಹಿಡಿದುಕೊಳ್ಳಿ ಸಾರ್ ಎಂದರು. ಮಂತ್ರಿ ಕೊಂಬೆ ಹಿಡಿದು ತನ್ನ ಕಡೆಗೆ ಬಾಗಿಸಿದರು. ಕೊಂಬೆ ಸಲೀಸಾಗಿ ಕೈಗೆ ಬಂದುಬಿಟ್ಟಿತು. ತುದಿಯಲ್ಲಿ ಹಸಿರು ದಾರ ಜೋತಾಡುತ್ತಿತ್ತು.

 ಹಿಂದೆ ಯಾರೋ ಕಿಸಕ್ಕೆಂದರು, ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಮಂತ್ರಿ ಇನ್ನೊಂದು ಗಿಡ, ಮತ್ತೊಂದು ಗಿಡ ಸರಿಸಿ ನೋಡಿದರು. ಒಳಗೆಲ್ಲ ಎಲೆ, ಎಲೆ, ಎಲೆ. ಇದೇನು ಎಂದು ಭಾವನ ಕಡೆ ತಿರುಗಿದರು.  ಸಿಕ್ಕಿಬಿದ್ದಾಗ ಮುಂದೆ ತಳ್ಳಲು ಅವನಿಗೆ ಯಾವಾಗಲೂ ಒಬ್ಬರು ಬೇಕು. ಇದು ನಮ್ಮ ನಂಜು ರೋಗದ ವಿಭಾಗದ ಜವಾಬ್ದಾರಿ, ಅವರೇ ಹೇಳುತ್ತಾರೆ ಎಂದು ಜೊತೆಗೆ ತಂದಿದ್ದ ಮೈಕನ್ನು ನಂಜಮ್ಮನ ಕೈಗೆ ತುರುಕಿದ.

ನಂಜಮ್ಮ ಹೇಳಿದಳು. ವೈರಸ್ಸು, ನುಸಿ, ಗಾಳಿ, ಹಳೆಯ ಗಿಡಗಳು, ಎಳೆಯದರಲ್ಲೇ ತಗಲಿದರೆ ಒಂದು ಕಾಳೂ ಕೈಗೆ ಸಿಗದಿರುವುದು, ಎಲ್ಲವನ್ನೂ ನೇರವಾಗಿ ಹೇಳಿದಳು. ಶುರುವಿನಲ್ಲೇ ಗಿಡ ಕೀಳಲು ಕೇಳಿದ್ದೆ ಎಂಬುದನ್ನೂ ಬಿಡಲಿಲ್ಲ. ರೋಗದ ಹೆಸರು ಬಂದಾಗ ಮಾತ್ರ ನಂಜು ರೋಗ ಎಂದು ತೇಲಿಸಿದಳು. ಗುಂಪಿನ ಮುಂದೆ ನಿಂತಿದ್ದ ಮುದುಕರೊಬ್ಬರು, "ಗೊಡ್ಡು ರೋಗ ಅನ್ನಿ, ನಮಗೆ ತಿಳಿಯುತ್ತೆ" ಎಂದು ಸಹಾಯ ಮಾಡಿದರು.

ಆಗ ಭಾವ ನಕ್ಕ. ಜನ ತನ್ನನ್ನು ನೋಡಿ ನಗುವುದಕ್ಕಿಂತ ಇನ್ನೊಬ್ಬರನ್ನು ನೋಡಿ ನಗಲಿ ಎಂದೆನಿಸಿತೋ ಏನೋ, ಮೈಕು ಕಿತ್ತುಕೊಂಡು ಹೇಳಿದ: "ಹೆಂಡತಿ ಹೆಸರಿಟ್ಟೆ ನೋಡಿ. ಗಿಡಾನೂ ಅವಳ ದಾರೀನೇ ಹಿಡೀತು."

ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ. ಮಂತ್ರಿ ಕೈಯಲ್ಲಿದ್ದ ಕೊಂಬೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಹಿಡಿದುಕೊಂಡೇ ಇದ್ದರು.

ಅಕ್ಕ ಬೇಲಿಯ ಪಕ್ಕದಲ್ಲಿ, ತನ್ನ ಹೆಸರಿನ ಕೆಳಗೆ ನಿಂತಿದ್ದಳು. ಅಳುತ್ತಾಳೆ ಎಂದು ನಂಜಮ್ಮ ಅವಳ ಕಡೆ ಎರಡು ಹೆಜ್ಜೆ ಇಟ್ಟಳು. ಅಕ್ಕ ಅಳಲಿಲ್ಲ. ಮೈಕು ಬೇಡದ ದನಿಯಲ್ಲಿ, ಪಾಠ ಹೇಳುವ ಹಾಗೆ, ಮಂತ್ರಿಗಳನ್ನು ನೋಡಿ ಹೇಳಿದಳು.

"ನಮ್ಮ ಮನೇಲಿ ಪರೀಕ್ಷೆ ಮಾಡಿಸಿಕೊಂಡಿದ್ದು ನಾನೊಬ್ಬಳೇ. ನನ್ನಲ್ಲಿ ಏನೂ ತೊಂದರೆ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಇವರು ಇವತ್ತಿನವರೆಗೂ ಡಾಕ್ಟರ ಹತ್ತಿರ ಹೋಗಿಲ್ಲ. ಆ ಬೋರ್ಡಿಂದ ನನ್ನ ಹೆಸರು ತೆಗೆಸಿ."

ಮೇಸ್ತ್ರಿ ಯಾರ ಅಪ್ಪಣೆಗೂ ಕಾಯಲಿಲ್ಲ. ಹೋಗಿ ಬೋರ್ಡನ್ನು ಬುಡಸಮೇತ ಅಲುಗಾಡಿಸಿ ಕಿತ್ತು ಬದುವಿನ ಮೇಲೆ ಮಗುಚಿಹಾಕಿದ. ಭಾವ ಊಟ ಸಿದ್ಧವಾಗಿದೆ ಎಂದು ಪ್ರಕಟಿಸಿದ. ಇಡೀ ದಿನದಲ್ಲಿ ಅವನು ಹೇಳಿದ ನಿಜವಾದ ಮಾತು ಅದೊಂದೇ.

ಅಕ್ಕನನ್ನು ತನ್ನ ಕಾರಿನಲ್ಲಿ ಊರೊಳಗೆ ಕರೆದುಕೊಂಡು ಹೋದವಳು ನಂಜಮ್ಮ. ದಾರಿಯುದ್ದಕ್ಕೂ ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಭಾವನನ್ನು ಬಯ್ದು ಸಮಾಧಾನ ಮಾಡೋಣವೆಂದು ನಂಜಮ್ಮ ಶುರುಮಾಡಿದಳು. ಅವಳ ಬಳಿ ಆ ಸರಕು ಬೇಕಾದಷ್ಟಿತ್ತು. ಅಕ್ಕ ನಡುವೆ ತಡೆದಳು.

"ನಿನಗೆ ಯಾವಾಗಿಂದ ಗೊತ್ತಿತ್ತು?"

"ಗಿಡ ಸಣ್ಣದಿದ್ದಾಗಿಂದ."

"ಅವತ್ತು ಊಟಕ್ಕೆ ಕೂತಾಗಲೂ ಗೊತ್ತಿತ್ತು."

"ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಅಕ್ಕ."

"ಅವರಿಗೆ ನನ್ನನ್ನು ನೋಡಿ ನಗೋದು ಬೇಕು. ನಿನಗೆ ಅಯ್ಯೋ ಪಾಪ ಅನ್ನೋದು ಬೇಕು. ನಿಮ್ಮಿಬ್ಬರಿಗೂ ನಾನು ಪೆದ್ದಿ. ಹೇಳಿದ್ದರೆ ನಾನು ಆ ಹೆಸರೇ ಬೇಡ ಅಂತಿದ್ದೆ. ಇಷ್ಟು ಜನರ ಮುಂದೆ ನಿಲ್ಲೋದು ತಪ್ಪುತ್ತಿತ್ತು."

 ಭಾವ ತನ್ನ ಮಾತು ಕೇಳುವುದಿಲ್ಲ ಎಂದು ನಂಜಮ್ಮ ಅವನನ್ನು ತಿರಸ್ಕಾರದಿಂದ ನೋಡುತ್ತಿದ್ದಳು. ಅಕ್ಕನಿಗೆ ಮಾತನ್ನೇ ಹೇಳದೆ ಉಳಿದದ್ದು ಅದಕ್ಕಿಂತ ಎಷ್ಟು ಮೇಲು ಎಂದು ಲೆಕ್ಕ ಹಾಕಲು ಹೋಗಿ ನಾಚಿಕೆಯಾಯಿತು. ಅಕ್ಕ ಶಾಲೆಯ ಹತ್ತಿರ ಇಳಿದುಕೊಂಡಳು. ಅದೇ ವಾರ ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಮನೆ ಹಿಡಿದಳು. ಅತ್ತೆ ಫೋನು ಮಾಡಿ, ಮನೆಗೆ ಬಾ ಎನ್ನುವ ಬದಲು ಅಡುಗೆಯವಳು ಸಿಗುವುದು ಕಷ್ಟವಾಗಿದೆ ಎಂದರಂತೆ. ತಂಗಿಯ ಫೋನನ್ನು ಅಕ್ಕ ಬಹಳ ದಿನ ಎತ್ತಲಿಲ್ಲ.

ಕ್ಷೇತ್ರೋತ್ಸವದ ಮಾರನೆಯ ದಿನವೇ ಮಂತ್ರಿಗಳ ಕಚೇರಿಯಿಂದ ಆದೇಶ ಬಂದು ಆ ತಾಕನ್ನು ಕಿತ್ತುಹಾಕಿಸಲಾಯಿತು. ತೊಗರಿಯ ತಾಯಿಬೇರು ಆಳ. ಆಳುಗಳು ಇಡೀ ದಿನ ಎಳೆದರು. ಅಷ್ಟು ದೊಡ್ಡ ಹಸಿರು ರಾಶಿಯಲ್ಲಿ ಒಂದು ಹಿಡಿ ಕಾಳು ಸಿಗಲಿಲ್ಲ. ಅತಿಥಿಗೃಹದ ಹಿಂದಿನ ಹಳೆಯ ಗಿಡಗಳನ್ನೂ ನಂಜಮ್ಮ ಬುಡಸಮೇತ ಅಗೆಸಿದಳು. ಪಕ್ಕದ ತಾಕಿನಲ್ಲಿ ಅರ್ಧಕ್ಕಿಂತ ಕಡಿಮೆ ಫಸಲು ಬಂತು. ಅದರ ಕಾಳುಗಳನ್ನು ಅಂಗೈಯಲ್ಲಿ ಹಾಕಿಕೊಂಡರೆ ಸುಕ್ಕಾದ ಮಣಿಗಳಂತೆ ಹಗುರಾಗಿದ್ದವು. ಆ ತಾಕನ್ನು ಬಿತ್ತಿದ್ದ ಯುವ ವಿಜ್ಞಾನಿ ಮೂರು ವರ್ಷದ ಕೆಲಸ ಹೋಯಿತೆಂದು ಕಣದಲ್ಲೇ ಕೂತುಬಿಟ್ಟಿದ್ದ.

ಭಾವನಿಗೆ ಏನಾಯಿತು ಎಂದರೆ, ಬಡ್ತಿಯಾಯಿತು. ಒಂದು ಸಮಿತಿ ಕೂತು, ಹವಾಮಾನ ವೈಪರೀತ್ಯದಿಂದ ಪ್ರಯೋಗ ವಿಫಲವಾಯಿತೆಂದು ತೀರ್ಮಾನಿಸಿತು. ಹವಾಮಾನ ಬಂದು ತಾನು ಹಾಗೆ ಮಾಡಿಲ್ಲ ಎಂದು ಹೇಳುವ ಹಾಗಿಲ್ಲವಲ್ಲ. ಇಂಥವರನ್ನು ಹೊಲದಲ್ಲಿಟ್ಟರೆ ಬೆಳೆಗೆ ಹಾನಿ ಎಂದೋ ಏನೋ, ಅವನನ್ನು ಹೊಲವೇ ಇಲ್ಲದ ಕೇಂದ್ರ ಕಚೇರಿಗೆ ಕಳಿಸಿದರು. ಬೀಳ್ಕೊಡುಗೆಯಲ್ಲಿ ನಾಲ್ಕು ಒಳ್ಳೆಯ ಮಾತಾಡಿ ಎಂದು ಕೇಳಿದವರಿಗೆ ನಂಜಮ್ಮ, ನಾಲ್ಕು ಹುಡುಕಿಕೊಡಿ, ಮಾತಾಡುತ್ತೇನೆ ಎಂದಳು. ಯಾರೂ ಹುಡುಕಿಕೊಡಲಿಲ್ಲ.

ಮುಂದಿನ ಬಿತ್ತನೆಗೆ ಅವಳು ರೋಗ ತಡೆಯುವ ಹಳೆಯ ತಳಿಯೊಂದನ್ನು ಹಾಕಿಸಿದಳು. ಅದರ ಗಿಡಗಳು ನೋಡಲು ಬಡಕಲು, ಹಾದುಹೋಗುವವರು ಯಾರೂ ನಿಂತು ಹೊಗಳಲಿಲ್ಲ. ಹೂ ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ಆ ಹೊತ್ತಿಗೆ ಅಕ್ಕ ಒಂದು ಸಂಜೆ ತಾನಾಗಿಯೇ ಫೋನು ಮಾಡಿ, ಮನೆಗೆ ಬಾ, ಆದರೆ ಸಮಾಧಾನ ಹೇಳಲು ಬರುವುದಾದರೆ ಬೇಡ ಎಂದಳು. ನಂಜಮ್ಮ ಹೋದಳು, ಸಮಾಧಾನ ಹೇಳಲಿಲ್ಲ. ಆಮೇಲೆ ಹೋಗುತ್ತಿರುವುದು ರೂಢಿಯಾಯಿತು. ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಅಕ್ಕ ಗೋಡೆ ತುಂಬ ಭೂಪಟ ಅಂಟಿಸಿ, ಗಟ್ಟಿಯಾಗಿ ರೇಡಿಯೋ ಹಾಕಿಕೊಂಡು, ತನಗೆ ಇಷ್ಟವಾದ ಹೊತ್ತಿಗೆ ಉಣ್ಣುತ್ತಿದ್ದಳು.

ಅಂಥ ಒಂದು ಸಂಜೆ ನಂಜಮ್ಮ ಕಾಫಿ ಲೋಟ ಹಿಡಿದುಕೊಂಡು ಆ ದಿನ ಬಂದ ಫೋನಿನ ಸಂಗತಿ ಹೇಳಿದಳು. ಮಾಡಿದವನು ಭಾವ. ಕೇಂದ್ರ ಕಚೇರಿಯಲ್ಲಿ ಅವನು ತೊಗರಿಯ ನಂಜು ರೋಗದ ಬಗ್ಗೆ ಉಪನ್ಯಾಸ ಕೊಡಬೇಕಂತೆ. ಆ ವಿಷಯದಲ್ಲಿ ಅನುಭವ ಇರುವವರು ಎಂದು ಅವನನ್ನೇ ಆರಿಸಿದ್ದಾರಂತೆ. ಆ ರೋಗದ ಬಗ್ಗೆ ನಂಜಮ್ಮ ಬರೆದ ಪ್ರಬಂಧವನ್ನು ಸ್ವಲ್ಪ ಕಳಿಸಿಕೊಡಬೇಕಂತೆ, ಮನೆಯವರ ನಡುವೆ ಇದೆಲ್ಲ ಇದ್ದದ್ದೇ ಅಲ್ಲವೇ ಅಂದನಂತೆ.

ಅಕ್ಕ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ನಿಲ್ಲಲಿಲ್ಲ. "ನೀನೇನಂದೆ?"

"ಫೋನು ಇಟ್ಟುಬಿಟ್ಟೆ. ಕಳಿಸಲ್ಲ."

"ಕಳಿಸು" ಎಂದಳು ಅಕ್ಕ, ಹಾಳೆ ಮಗುಚುತ್ತಾ. "ನಿಂತು ಓದಿ ಹೇಳೋದಕ್ಕಾದರೂ ಅವರು ಅದನ್ನ ಒಂದು ಸಲ ಓದಬೇಕಾಗುತ್ತಲ್ಲ."